ಟೌನ್‌ಹಾಲ್ ಹೆಸರಿನ ವಕೀಲ್ರು

ಪ್ರಶ್ನೆ: ಸರ್, ಮಂಗಳೂರು ಟೌನ್‌ಹಾಲಿಗೆ ಕುದ್ಮುಲ್ ರಂಗರಾವ್ ಹೆಸರಿಟ್ಟಿದ್ದಾರಲ್ಲ, ಅವರು ವಕೀಲರಂತೆ, ಹೌದಾ? ಮಗಳು ಲಾ ಓದ್ತಾ ಇದ್ದಾಳೆ, ವಕೀಲಿಕೆ ಮಾಡ್ಕೊಂಡೇ ಸಮಾಜಸೇವೆ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳ್ತಾಳೆ.
– ಓದುಗರೊಬ್ಬರು, ಪುತ್ತೂರು

ಉತ್ತರ: ಹೌದು, ವಕೀಲರೇ. 1859ರಲ್ಲಿ ಕಾಸರಗೋಡಲ್ಲಿ ಹುಟ್ಟಿದವರು, ಸಾರಸ್ವತರು, ಮಂಗಳೂರಿಗೆ ಬಂದು ಮೊದಲು ಮೇಷ್ಟ್ರಾಗಿದ್ದು ಆಮೇಲೆ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ಕೋರ್ಟು ಹತ್ತಿದ್ರು, ಬಡವರ ಹತ್ರ ಫೀಸು ಕೇಳ್ತಿರಲಿಲ್ಲ, ಬಡವರ ವಕೀಲ್ರು ಅಂತ್ಲೇ ಹೆಸರಾಯ್ತು. ಆದ್ರೆ ಬರೀ ಫೀಸು ಬಿಟ್ಟಿದ್ದಕ್ಕೆ ಟೌನ್‌ಹಾಲಿಗೆ ಹೆಸರು ಬರೋದಿಲ್ಲ ಬಿಡಿ.

ಆ ಕಾಲದಲ್ಲಿ ನಾಲ್ಕನೇ ಕ್ಲಾಸು ಓದಿದ ದಲಿತರೊಬ್ಬರಿಗೆ ಕೋರ್ಟಲ್ಲೇ ಜವಾನನ ಕೆಲಸ ಸಿಕ್ತು ಅಂತ ಮೇಲ್ಜಾತಿಯವರು ಗಲಾಟೆ ಎಬ್ಬಿಸಿದ್ರು. ನ್ಯಾಯ ಕೊಡೋ ಜಾಗದಲ್ಲೇ ಹೀಗೆ! ರಂಗರಾಯರು 1892ರಲ್ಲಿ ಉರ್ವಾ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಅಂತ್ಲೇ ಶಾಲೆ ಶುರು ಮಾಡಿದ್ರು. ಮೇಲ್ಜಾತಿ ಮೇಷ್ಟ್ರುಗಳು ಬರಲಿಲ್ಲ, ಕ್ರಿಶ್ಚಿಯನ್ ಮೇಷ್ಟ್ರನ್ನ ಕರ್ಕೊಂಡು ಬಂದ್ರು. ಮಗು ಶಾಲೆಗೆ ಹೋದ್ರೆ ಮನೇಲಿ ಒಂದು ದುಡಿಯೋ ಕೈ ಕಮ್ಮಿ ಆಗ್ತದಲ್ಲ, ಅದಕ್ಕೆ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಟ್ಟು ಮಧ್ಯಾಹ್ನ ಊಟಾನೂ ಹಾಕ್ತಿದ್ರು, ನನಗೆ ಇಡೀ ಕಥೇಲಿ ತುಂಬ ಹಿಡಿಸಿದ್ದು ಈ ಎರಡು ಪೈಸೆ ಲೆಕ್ಕಾನೇ, ಕಕ್ಷಿದಾರನ ಕಷ್ಟ ಗೊತ್ತಿರೋ ವಕೀಲನಿಗೆ ಮಾತ್ರ ಹೊಳೆಯೋ ಉಪಾಯ ಅದು. 1897ರಲ್ಲಿ ದಲಿತರ ಏಳಿಗೆಗೆ ಅಂತ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಅನ್ನೋ ಸಂಸ್ಥೆ ಕಟ್ಟಿದ್ರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದ್ರು, ಇವರು ಬಗ್ಗಲಿಲ್ಲ. ಮಗಳು ರಾಧಾಬಾಯಿ ಮದುವೆ ಆಗಿದ್ದು ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರನ್ನ, ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿ ಆದರಲ್ಲ, ಅವರೇ.

1928ರಲ್ಲಿ ತೀರಿಕೊಂಡ್ರು. ತನ್ನ ಹೆಣ ಹೊರಬೇಕಾದವರು ತೋಟಿಗಳೇ, ಅಂದ್ರೆ ಊರು ಗುಡಿಸೋ ದಲಿತರೇ ಅಂತ ಮೊದಲೇ ಬರೆದಿಟ್ಟಿದ್ರು. ನನ್ನ ಶಾಲೇಲಿ ಓದಿದ ಮಗು ದೊಡ್ಡ ಕೆಲಸಕ್ಕೆ ಸೇರಿ ನಮ್ಮೂರ ರಸ್ತೇಲಿ ಕಾರಲ್ಲಿ ಓಡಾಡ್ಬೇಕು, ಅದರ ಧೂಳು ನನ್ನ ತಲೆಗೆ ತಾಗ್ಬೇಕು ಅನ್ನೋದು ಅವರ ಆಸೆ, ಸಮಾಧಿ ಮೇಲೂ ಅದನ್ನೇ ಕೆತ್ತಿದ್ದಾರೆ.

ಇನ್ನು ಮಗಳ ಪ್ರಶ್ನೆ. ಡಿಗ್ರಿ ಮುಗಿಯೋ ತನಕ ಕಾಯೋದೇನೂ ಬೇಡ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಲಾ ವಿದ್ಯಾರ್ಥಿಗಳನ್ನೂ ಪ್ಯಾರಾ ಲೀಗಲ್ ವಾಲಂಟಿಯರ್, ಅಂದ್ರೆ ಜನರಿಗೆ ಕಾನೂನು ನೆರವು ಸಿಗೋ ಹಾಗೆ ಸಹಾಯ ಮಾಡೋ ಸ್ವಯಂಸೇವಕರಾಗಿ ತಗೊಳ್ತಾರೆ, ಹೋಗಿ ವಿಚಾರಿಸಲಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟೇ ಇರಲಿ ವಕೀಲರು ಫ್ರೀ, ಹೆಲ್ಪ್‌ಲೈನ್ 15100. ಇದು ಗೊತ್ತಿಲ್ಲದೆ ಸಾಲ ಮಾಡಿ ಕೇಸು ನಡೆಸೋರು ನಿಮ್ಮ ಬೀದೀಲೇ ಇರಬಹುದು, ಮೊದಲು ಅವರಿಗೆ ಹೇಳಲಿ.