ಪಾನಾ ಹಿಡಿಯುವ ಮುನ್ನ: ವಾಹನ ದುರಸ್ತಿ ಕುರಿತ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಕಾರಿನ ಬ್ಯಾಟರಿಯನ್ನು ಒಂದೇ ವರ್ಷದಲ್ಲಿ ಎರಡು ಸಲ ಬದಲಾಯಿಸಿದ್ದೇನೆ. ಆದರೂ ಎರಡು ದಿನ ನಿಲ್ಲಿಸಿಟ್ಟರೆ ಮೂರನೆಯ ದಿನ ಬೆಳಿಗ್ಗೆ ಸೆಲ್ಫ್ ಎಳೆಯುವುದಿಲ್ಲ. ಗ್ಯಾರೇಜಿನವರು ಮತ್ತೊಂದು ಬ್ಯಾಟರಿ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ಎರಡು ಹೊಸ ಬ್ಯಾಟರಿಗಳು ಒಂದೇ ರೀತಿಯಲ್ಲಿ ಸೋತಿವೆಯೆಂದರೆ ದೋಷ ಬ್ಯಾಟರಿಯದ್ದಾಗಿರುವ ಸಂಭವ ಕಡಿಮೆ. ಒಂದೋ ಅದಕ್ಕೆ ಸರಿಯಾಗಿ ಚಾರ್ಜ್ ಸೇರುತ್ತಿಲ್ಲ, ಇಲ್ಲವೇ ಸೇರಿದ ಚಾರ್ಜ್ ವಾಹನ ನಿಂತಿರುವಾಗ ಸೋರಿಹೋಗುತ್ತಿದೆ. ಇವೆರಡರಲ್ಲಿ ಯಾವುದು ಎಂಬುದನ್ನು ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಮನೆಯಲ್ಲೇ ಪತ್ತೆಮಾಡಬಹುದು.

ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಸುಮ್ಮನೆ ಬಿಟ್ಟು, ಬೆಳಿಗ್ಗೆ ಅದರ ವೋಲ್ಟೇಜ್ ನೋಡಿ. ಸುಸ್ಥಿತಿಯಲ್ಲಿರುವ 12 ವೋಲ್ಟ್ ಬ್ಯಾಟರಿ ಸುಮಾರು 12.6 ತೋರಿಸಬೇಕು. 12.4 ಇದ್ದರೆ ಮುಕ್ಕಾಲು ಪಾಲು ಉಳಿದಿದೆ ಎಂದರ್ಥ. 12ಕ್ಕೆ ಇಳಿದಿದ್ದರೆ, ಹೆಸರಿಗೆ ಅದು 12 ವೋಲ್ಟಿನ ಬ್ಯಾಟರಿಯೇ ಆದರೂ, ಹೆಚ್ಚುಕಡಿಮೆ ಬರಿದಾಗಿದೆ. ಆಮೇಲೆ ಎಂಜಿನ್ ಚಾಲೂ ಮಾಡಿ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಕಾಣಬೇಕು. ಎಂಜಿನ್ ಓಡುತ್ತಿದ್ದರೂ ಮೀಟರ್ 12ರ ಆಸುಪಾಸಿನಲ್ಲೇ ನಿಂತರೆ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್, ಅದರ ಬೆಲ್ಟ್ ಅಥವಾ ಅಲ್ಲಿಂದ ಬರುವ ವೈರುಗಳನ್ನು ಪರೀಕ್ಷಿಸಬೇಕು. ಇತ್ತೀಚಿನ ಕೆಲವು ಕಾರುಗಳಲ್ಲಿ ಕಂಪ್ಯೂಟರ್ ತಾನೇ ಚಾರ್ಜಿಂಗನ್ನು ಏರಿಳಿಸುವುದರಿಂದ, ಒಂದೇ ಸಲದ ಓದನ್ನು ನಂಬಿ ತೀರ್ಪು ಕೊಡಬಾರದು. ಹೆಡ್‌ಲೈಟ್ ಹಾಕಿ ಕೆಲವು ನಿಮಿಷ ಗಮನಿಸುವುದು ಒಳ್ಳೆಯದು.

ಚಾರ್ಜಿಂಗ್ ಸರಿಯಿದ್ದರೆ ಉಳಿಯುವುದು ಸೋರಿಕೆ. ನೀವು ಬರೆದಿರುವ 'ಎರಡು ದಿನ' ಎಂಬ ಮಾತು ನನಗೆ ಆ ಕಡೆಯೇ ಬೆರಳು ತೋರಿಸುತ್ತಿದೆ. ಲೆಕ್ಕ ಸರಳ. ಯಾವುದೋ ಒಂದು ಸಾಧನ ಸದ್ದಿಲ್ಲದೆ ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 48 ಗಂಟೆಗಳಲ್ಲಿ 24 ಆಂಪಿಯರ್-ಅವರ್ ಖರ್ಚಾಗುತ್ತದೆ. 45 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಪತ್ತೆಮಾಡುವ ಕ್ರಮ ಹೀಗಿದೆ: ಮೀಟರಿನ ವೈರನ್ನು 10 ಆಂಪಿಯರ್ ರಂಧ್ರಕ್ಕೆ ಸೇರಿಸಿ, ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅದರಿಂದ ಬಿಚ್ಚಿದ ಕೇಬಲ್ಲಿಗೂ ನಡುವೆ ಮೀಟರ್ ಜೋಡಿಸಬೇಕು. ಬಾಗಿಲುಗಳನ್ನೆಲ್ಲ ಮುಚ್ಚಿ, ಕೀಲಿಯನ್ನು ವಾಹನದಿಂದ ದೂರವಿಟ್ಟು, ಅರ್ಧ ಗಂಟೆಯಾದರೂ ಕಾಯಬೇಕು. ಕಾರಿನೊಳಗಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಅಷ್ಟು ಸಮಯ ಬೇಕಾಗಬಹುದು. ಕೊನೆಗೆ ಮೀಟರ್ 50 ಮಿಲಿಆಂಪಿಯರ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡುತ್ತ ಹೋಗಿ. ಯಾವ ಫ್ಯೂಸ್ ಕಿತ್ತಾಗ ಅಂಕಿ ಥಟ್ಟನೆ ಇಳಿಯುತ್ತದೋ ಅದರ ದಾರಿಯಲ್ಲೇ ಕಳ್ಳನಿದ್ದಾನೆ. ಮೀಟರ್ ಜೋಡಿಸಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಅಷ್ಟು ಕರೆಂಟನ್ನು ಮೀಟರ್ ತಡೆಯಲಾರದು. ಡಿಕ್ಕಿಯ ಆರದ ದೀಪ, ಹೊರಗಿನಿಂದ ಹಾಕಿಸಿದ ಆಂಪ್ಲಿಫೈಯರ್, ಕ್ಯಾಮೆರಾ, ಸ್ಥಳ ತೋರಿಸುವ ಟ್ರ್ಯಾಕರ್ ಇವು ಸಾಮಾನ್ಯ ಅಪರಾಧಿಗಳು. ಎಲ್ಲ ಫ್ಯೂಸು ಕಿತ್ತರೂ ಅಂಕಿ ಇಳಿಯದಿದ್ದರೆ ಆಲ್ಟರ್ನೇಟರಿನೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಕೆಟ್ಟಿರಬಹುದು.

ಇನ್ನೊಂದು ಮಾತು. ಲೆಡ್-ಆಸಿಡ್ ಬ್ಯಾಟರಿ ಪದೇಪದೇ ಪೂರ್ತಿ ಬರಿದಾದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಷ್ಟು ಹಿಡಿದಿಡಲಾರದು. ನಿಮ್ಮ ಹಿಂದಿನ ಬ್ಯಾಟರಿಗಳು 'ಹೋಗಿವೆ' ಎಂದು ಗ್ಯಾರೇಜಿನವರು ಹೇಳಿದ್ದು ಸುಳ್ಳಲ್ಲದಿರಬಹುದು. ಆದರೆ ಅವುಗಳನ್ನು ಕೊಂದದ್ದು ಈ ಸೋರಿಕೆ. ಕಾರಣ ಸಿಗದೆ ಮೂರನೆಯದನ್ನು ಹಾಕಿಸಿದರೆ ಅದಕ್ಕೂ ಅದೇ ಗತಿ.

ಪ್ರಶ್ನೆ: ಎಂಜಿನ್ ಬಿಸಿಯಾಗುತ್ತಿದೆಯೆಂದು ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದರು. ಈಗ ಬಿಸಿ ಏರುವುದಿಲ್ಲ, ಆದರೆ ಮೈಲೇಜ್ ಇಳಿದಿದೆ. ಅದಿಲ್ಲದೆಯೇ ಓಡಿಸಬಹುದೆ?

ಉತ್ತರ: ಊರು ತಲುಪಲು ಒಂದು ದಿನ ಓಡಿಸಬಹುದು, ವರ್ಷಗಟ್ಟಲೆ ಅಲ್ಲ. ಥರ್ಮೋಸ್ಟಾಟ್ ಎಂಬುದು ಎಂಜಿನ್ನನ್ನು ತಣ್ಣಗಿಡುವ ಭಾಗವೆಂದು ಹಲವರು ತಿಳಿದಿದ್ದಾರೆ. ಅದರ ನಿಜವಾದ ಕೆಲಸ ಎಂಜಿನ್ ಬೇಗ ಬಿಸಿಯಾಗುವಂತೆ ಮಾಡಿ, ಆಮೇಲೆ ಆ ಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಯುವುದು. ಬಹುಪಾಲು ಎಂಜಿನ್ನುಗಳಲ್ಲಿ ಅದು 82ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆದುಕೊಳ್ಳಲಾರಂಭಿಸುತ್ತದೆ. ಅದಿಲ್ಲದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆಯೆಂದು ಕಂಪ್ಯೂಟರ್ ಹೆಚ್ಚು ಇಂಧನ ಸುರಿಯುತ್ತದೆ, ಎಂಜಿನ್ ಆಯಿಲಿನಲ್ಲಿ ಸೇರುವ ತೇವ ಆವಿಯಾಗಿ ಹೋಗುವುದಿಲ್ಲ, ಸವೆತವೂ ಹೆಚ್ಚುತ್ತದೆ. ಕೆಲವು ಎಂಜಿನ್ನುಗಳಲ್ಲಂತೂ ಥರ್ಮೋಸ್ಟಾಟ್ ತೆಗೆದರೆ ಬೈಪಾಸ್ ದಾರಿ ತೆರೆದೇ ಉಳಿದು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನಲ್ಲೇ ಸುತ್ತಿ, ಬಿಸಿ ಇನ್ನಷ್ಟು ಏರುವುದುಂಟು.

ಹಳೆಯ ಥರ್ಮೋಸ್ಟಾಟ್ ನಿಮ್ಮ ಬಳಿ ಇದ್ದರೆ ಅದನ್ನು ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ಜೊತೆಗೊಂದು ಥರ್ಮಾಮೀಟರ್ ಇಟ್ಟು ಕಾಯಿಸಿ ನೋಡಿ. ಅದರ ಮೇಲೆ ಅಚ್ಚಾಗಿರುವ ಅಂಕಿಯ ಹತ್ತಿರ ಬಾಯಿ ತೆರೆದರೆ ಅದು ನಿರಪರಾಧಿ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಬಿಸಿ ಏರುತ್ತಿದ್ದುದು ಯಾವಾಗ? ವಾಹನ ನಿಂತಾಗ ಅಥವಾ ದಟ್ಟಣೆಯಲ್ಲಿ ತೆವಳುವಾಗ ಮಾತ್ರ ಏರಿ, ಓಡಲಾರಂಭಿಸಿದೊಡನೆ ಇಳಿಯುತ್ತಿದ್ದರೆ ರೇಡಿಯೇಟರ್ ಫ್ಯಾನ್, ಅದರ ರಿಲೇ ಅಥವಾ ಸೆನ್ಸರ್ ನೋಡಬೇಕು. ವೇಗದಲ್ಲಿ ಅಥವಾ ದಿಣ್ಣೆ ಏರುವಾಗ ಬಿಸಿಯಾಗುತ್ತಿದ್ದರೆ ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು, ವಾಟರ್ ಪಂಪ್ ಸೋತಿರಬಹುದು. ಎಲ್ಲ ಸಮಯದಲ್ಲೂ ಆಗುತ್ತಿದ್ದರೆ ಮೊದಲು ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮಟ್ಟವನ್ನೂ ರೇಡಿಯೇಟರ್ ಮುಚ್ಚಳವನ್ನೂ ನೋಡಿ. ಈ ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಅದು ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟರೆ ಬರಿಯ ನೀರು ಕೂಡ 100ರ ಬದಲು 120 ಡಿಗ್ರಿಯಲ್ಲಿ ಕುದಿಯುತ್ತದೆ; ಅದರ ರಬ್ಬರ್ ಸತ್ತಿದ್ದರೆ ಆ ರಕ್ಷಣೆಯೇ ಇಲ್ಲ. ಬಿಸಿ ಎಂಜಿನ್ನಿನಲ್ಲಿ ಈ ಮುಚ್ಚಳ ತೆರೆಯಬಾರದೆನ್ನುವುದಕ್ಕೂ ಇದೇ ಕಾರಣ: ಒತ್ತಡ ಬಿಟ್ಟ ಕ್ಷಣದಲ್ಲಿ ನೀರೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕೂಲೆಂಟನ್ನು ಡಿಸ್ಟಿಲ್ಡ್ ನೀರಿನೊಂದಿಗೆ ಅರ್ಧಕ್ಕರ್ಧ ಬೆರೆಸುವುದೇ ಸಾಮಾನ್ಯ ಕ್ರಮ. ನೀರು ಬೆರೆಸದೆ ಗಟ್ಟಿಯಾಗಿಯೇ ತುಂಬಿದರೆ ಹೆಚ್ಚು ಒಳ್ಳೆಯದೆಂಬ ನಂಬಿಕೆ ತಪ್ಪು. ಕೂಲೆಂಟಿನಲ್ಲಿರುವ ಗ್ಲೈಕಾಲ್ ನೀರಿನಷ್ಟು ಶಾಖ ಹೊರಲಾರದು. ಇಷ್ಟೆಲ್ಲ ಸರಿಯಿದ್ದೂ ಕೂಲೆಂಟ್ ಕಾಣೆಯಾಗುತ್ತಿದ್ದರೆ, ಹೊಗೆಕೊಳವೆಯಿಂದ ನಿಲ್ಲದ ಬಿಳಿ ಹೊಗೆ ಬರುತ್ತಿದ್ದರೆ, ಅಥವಾ ಆಯಿಲ್ ಹಾಲು ಬೆರೆತಂತೆ ಕಂಡರೆ ಎಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಸೋರದಂತೆ ಕೂರಿಸುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಪ್ರಶ್ನೆ: ಚಕ್ರ ಬದಲಾಯಿಸುವಾಗ ನಟ್ಟುಗಳ ಮರೆಗೆ (ಒಳಗಿನ ತಿರುಪಿನ ಗೆರೆಗಳಿಗೆ) ಸ್ವಲ್ಪ ಎಣ್ಣೆ ಹಚ್ಚಿದರೆ ಮುಂದೆ ಬಿಚ್ಚಲು ಸುಲಭವಾಗುವುದಿಲ್ಲವೆ?

ಉತ್ತರ: ಬಿಚ್ಚಲು ಸುಲಭವಾಗುತ್ತದೆ, ಅಪಾಯವೂ ಅಲ್ಲೇ ಇದೆ. ತಯಾರಕರು ಬೇರೆಯಾಗಿ ಸೂಚಿಸದಿದ್ದರೆ ಕಾರಿನ ಕೈಪಿಡಿಯಲ್ಲಿರುವ ಬಿಗಿತದ ಅಳತೆ ಒಣ ಮರೆಗೆ ಸಂಬಂಧಿಸಿದ್ದು. ಎಣ್ಣೆ ಹಚ್ಚಿ ಅಷ್ಟೇ ಬಲ ಹಾಕಿದರೆ ಬೋಲ್ಟ್ ಮಿತಿಮೀರಿ ಎಳೆಯಲ್ಪಡುತ್ತದೆ. ತಂತಿ ಬ್ರಷ್ಷಿನಿಂದ ತುಕ್ಕು ಉಜ್ಜಿದರೆ ಸಾಕು. ನಟ್ಟುಗಳನ್ನು ಸುತ್ತಿನ ಕ್ರಮದಲ್ಲಲ್ಲದೆ ಎದುರುಬದುರಾಗಿ ಬಿಗಿಗೊಳಿಸಿ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಹಳೆಯ ಲಾರಿಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡಮರೆಯ, ಎಂದರೆ ಉಲ್ಟಾ ತಿರುಗಿಸಿ ಬಿಚ್ಚಬೇಕಾದ, ನಟ್ಟುಗಳಿರುವುದುಂಟು. ಬಿಚ್ಚುತ್ತಿದ್ದೇನೆಂದು ಬಿಗಿಗೊಳಿಸುತ್ತ ಪಾನಾ ಮುರಿದುಕೊಂಡವರು ಕಡಿಮೆಯಿಲ್ಲ.

ಪ್ರಶ್ನೆ: ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು ನಾನೇ ಬದಲಾಯಿಸಿದೆ. ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಬ್ರೇಕ್ ಆಯಿಲ್ ಡಬ್ಬಿಯಿಂದ ಹೊರಚೆಲ್ಲಿತು. ಮೊದಲ ಸಲ ಪೆಡಲ್ ತುಳಿದಾಗ ಅದು ತಳದವರೆಗೂ ಹೋಗಿ ಗಾಬರಿಯಾಯಿತು. ಎಲ್ಲಿ ತಪ್ಪಿದೆ?

ಉತ್ತರ: ಪೆಡಲ್ ಕೆಳಗಿಳಿದದ್ದು ಸಹಜ. ಹಿಂದಕ್ಕೆ ತಳ್ಳಿದ ಪಿಸ್ಟನ್ ಮತ್ತೆ ಪ್ಯಾಡನ್ನು ಮುಟ್ಟಲು ಕೆಲವು ಸಲ ತುಳಿಯಬೇಕಾಗುತ್ತದೆ. ಅದನ್ನು ವಾಹನ ಅಲುಗುವ ಮೊದಲೇ, ನಿಂತಲ್ಲೇ ಮಾಡಿ ಮುಗಿಸಬೇಕು. ನಾಲ್ಕಾರು ಸಲ ತುಳಿದ ಮೇಲೂ ಪೆಡಲ್ ಮೆತ್ತಗೇ ಇದ್ದರೆ ಮಾತ್ರ ಗಾಳಿ ಸೇರಿದೆಯೆಂದು ಶಂಕಿಸಿ. ಆಯಿಲ್ ಚೆಲ್ಲಿದ್ದಕ್ಕೆ ಕಾರಣ, ಪ್ಯಾಡ್ ಸವೆದಂತೆ ಸಹಜವಾಗಿ ಇಳಿದ ಮಟ್ಟವನ್ನು ಯಾರೋ ನಡುವೆ ತುಂಬಿಸಿಟ್ಟಿರುವುದು. ಚೆಲ್ಲಿದ್ದನ್ನು ಕೂಡಲೇ ನೀರಿನಿಂದ ತೊಳೆಯದಿದ್ದರೆ ಬಣ್ಣ ಕಿತ್ತುಬರುತ್ತದೆ.

ನಾವು ಬ್ರೇಕ್ ಆಯಿಲ್ ಎಂದು ಕರೆಯುತ್ತೇವಾದರೂ ಡಾಟ್ 3, ಡಾಟ್ 4 ಎಂದು ಬರೆದಿರುವ ದ್ರವಗಳು ಎಣ್ಣೆಯಲ್ಲ, ಗ್ಲೈಕಾಲ್ ಮೂಲದವು. ಈ ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳೆಲ್ಲ ಉಬ್ಬಿ ಬ್ರೇಕ್ ಕೈಕೊಡುತ್ತದೆ. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಇರಬೇಕು. ತೇವ ಹೀರಿದ ಸ್ಥಿತಿಗೆ ನಿಗದಿಯಾಗಿರುವ ಕನಿಷ್ಠ ಮಿತಿ 155 ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದಾಗ ಹಳೆಯ ದ್ರವ ಕುದಿದು, ಆವಿಯ ಗುಳ್ಳೆಗಳಿಂದಾಗಿ ಪೆಡಲ್ ತಳ ಸೇರುವುದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂಬ ಸಲಹೆಯನ್ನು ವ್ಯಾಪಾರದ ಮಾತೆಂದು ತಳ್ಳಿಹಾಕಬೇಡಿ.

ಪ್ರಶ್ನೆ: ನನ್ನ ಲಾರಿಯಲ್ಲಿ ಬೆಳಿಗ್ಗೆ ಬ್ರೇಕಿನ ಟ್ಯಾಂಕಿಗೆ ಏರ್ ತುಂಬಲು ಬಹಳ ಹೊತ್ತು ಹಿಡಿಯುತ್ತಿದೆ. ಟ್ಯಾಂಕಿನ ಕೆಳಗಿನ ವಾಲ್ವ್ ತೆರೆದರೆ ನೀರು, ಎಣ್ಣೆ ಎರಡೂ ಬರುತ್ತಿವೆ.

ಉತ್ತರ: ಸ್ವಲ್ಪ ನೀರು ಬರುವುದು ಸಹಜ, ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರಲ್ಲಿದ್ದ ತೇವ ತಣಿದು ಟ್ಯಾಂಕಿನ ತಳ ಸೇರುತ್ತದೆ. ಲೋಟಗಟ್ಟಲೆ ಬರುತ್ತಿದ್ದರೆ ಗಾಳಿಯ ತೇವ ಹೀರುವ ಏರ್ ಡ್ರೈಯರಿನ ಕಾರ್ಟ್ರಿಜ್ ಕೆಲಸ ಮುಗಿಸಿದೆ. ಎಣ್ಣೆ ಬರುತ್ತಿರುವುದು ಕಂಪ್ರೆಸರಿನ ಪಿಸ್ಟನ್ ರಿಂಗುಗಳು ಸವೆದಿರುವ ಲಕ್ಷಣ; ತುಂಬಲು ಹೊತ್ತು ಹಿಡಿಯುವುದಕ್ಕೂ ಅದೇ ಕಾರಣವಿರಬಹುದು. ಆದರೆ ಕಂಪ್ರೆಸರ್ ಬಿಚ್ಚಿಸುವ ಮೊದಲು ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಚಕ್ರಗಳಿಗೆ ತಡೆಗಟ್ಟೆ ಇಟ್ಟು, ಟ್ಯಾಂಕ್ ಪೂರ್ತಿ ತುಂಬಿದ ಮೇಲೆ ಎಂಜಿನ್ ಆರಿಸಿ, ಏರ್ ಮೀಟರಿನ ಮುಳ್ಳು ಎಷ್ಟು ಬೇಗ ಇಳಿಯುತ್ತದೆಂದು ನೋಡಿ. ಆಮೇಲೆ ಒಬ್ಬರು ಬ್ರೇಕ್ ತುಳಿದು ಹಿಡಿದಿರುವಾಗ ಮತ್ತೆ ನೋಡಿ. ತುಳಿದಾಗ ಮಾತ್ರ ಬೇಗ ಇಳಿದರೆ ಬ್ರೇಕ್ ಚೇಂಬರುಗಳ ಡಯಾಫ್ರಾಮ್ ಅಥವಾ ಅಲ್ಲಿಗೆ ಹೋಗುವ ಹೋಸುಗಳು, ಸುಮ್ಮನಿದ್ದಾಗಲೂ ಇಳಿದರೆ ಟ್ಯಾಂಕ್ ಮತ್ತು ಮುಖ್ಯ ಪೈಪುಗಳ ಜೋಡಣೆಗಳು ಶಂಕಾಸ್ಪದ. ಸೋಪಿನ ನೀರು ಹಚ್ಚಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ.

ಹಿಂದಿನ ಚಕ್ರಗಳ ಬಳಿಯಿರುವ ಜೋಡಿ ಚೇಂಬರನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಅದರೊಳಗೆ ಪಾರ್ಕಿಂಗ್ ಬ್ರೇಕಿನ ಭಾರಿ ಸ್ಪ್ರಿಂಗ್ ಸದಾ ಒತ್ತಿಟ್ಟ ಸ್ಥಿತಿಯಲ್ಲಿರುತ್ತದೆ, ಏರ್ ಪೂರ್ತಿ ಖಾಲಿಯಿದ್ದರೂ ಅದರ ಬಲ ಹೋಗುವುದಿಲ್ಲ. ಕ್ಲ್ಯಾಂಪ್ ಸಡಿಲಿಸಿದವರ ಪ್ರಾಣ ಹೋದ ಪ್ರಸಂಗಗಳಿವೆ.

ಪ್ರಶ್ನೆ: ಡೀಸೆಲ್ ಫಿಲ್ಟರ್ ಬದಲಾಯಿಸಿದ ಮೇಲೆ ಗಾಡಿ ಚಾಲೂ ಆಗುತ್ತಿಲ್ಲ. ಹಳೆಯ ಗಾಡಿಯಲ್ಲಿ ಇಂಜೆಕ್ಟರ್ ಪೈಪ್ ಸಡಿಲಿಸಿ ಏರ್ ತೆಗೆಯುತ್ತಿದ್ದೆ. ಇದು ಕಾಮನ್ ರೈಲ್ ಎಂಜಿನ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹಂಚುವಂಥದ್ದು). ಇದಕ್ಕೂ ಹಾಗೆಯೇ ಮಾಡಲೇ?

ಉತ್ತರ: ಖಂಡಿತ ಬೇಡ. ಕಾಮನ್ ರೈಲಿನಲ್ಲಿ ಎಂಜಿನ್ ಓಡುವಾಗ ಒತ್ತಡ 1,500 ಬಾರನ್ನೂ ಮೀರುವುದುಂಟು; ಸಡಿಲಿಸಿದ ಜೋಡಣೆಯಿಂದ ಚಿಮ್ಮುವ ಡೀಸೆಲ್ ಎಳೆ ಚರ್ಮವನ್ನು ಸೀಳಿ ಒಳಹೋಗಬಲ್ಲದು, ಹಾಗಾದಾಗ ಗಾಯ ಸಣ್ಣದಾಗಿ ಕಂಡರೂ ತುರ್ತಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಫಿಲ್ಟರಿನ ಬಳಿ ಕೈಪಂಪ್ ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ. ಟ್ಯಾಂಕಿನಲ್ಲಿ ವಿದ್ಯುತ್ ಪಂಪ್ ಇರುವ ಗಾಡಿಯಾದರೆ ಸೆಲ್ಫ್ ಹೊಡೆಯದೆ ಕೀಲಿಯನ್ನಷ್ಟೇ ಐದಾರು ಸಲ ಆನ್ ಮಾಡಿ ಆಫ್ ಮಾಡಿ, ಪ್ರತಿ ಸಲವೂ ಪಂಪಿನ ಸದ್ದು ನಿಲ್ಲುವವರೆಗೆ ಕಾಯಿರಿ. ಆಮೇಲೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದೆರಡು ನಿಮಿಷ ಬಿಟ್ಟು ಪ್ರಯತ್ನಿಸಿ. ಆಗಲೂ ಹತ್ತದಿದ್ದರೆ ಹೊಸ ಫಿಲ್ಟರಿನ ರಬ್ಬರ್ ರಿಂಗ್ ಸರಿಯಾಗಿ ಕೂತಿದೆಯೇ, ಹಳೆಯ ರಿಂಗ್ ಅಲ್ಲೇ ಅಂಟಿಕೊಂಡು ಎರಡಾಗಿವೆಯೇ ಎಂದು ಬಿಚ್ಚಿ ನೋಡಿ.