ದೇಶದ ಹೆಸರು ಬೀಜಮೂಲವಲ್ಲ

ಮಾನ್ಯರೆ,

ಉಷ್ಣವಲಯದ ನೆಡುತೋಪುಗಳಿಗೆ ಎಲ್ಲಿಯ ಪೈನ್ ಬೀಜ ತಕ್ಕುದೆಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಚೊಕ್ಕವಾಗಿದೆ, ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೆರಿಬಿಯನ್ ಪೈನಿನಲ್ಲಿ ಕ್ಯೂಬಾದ ಬೀಜಕ್ಕಿಂತ ಹೊಂಡುರಾಸ್‌ನ ಬೀಜ ಮೇಲು ಎಂದು ತೀರ್ಪು ಕೊಟ್ಟಿದ್ದೀರಿ. ಅದಕ್ಕಿರುವ ಆಧಾರವೋ ಒಂದೇ ತಾಕಿನಲ್ಲಿ ಮೂರು ವರ್ಷದ ಗಿಡಗಳನ್ನು ಅಳೆದ ಎತ್ತರ.

ಮೊದಲನೆಯದಾಗಿ, ಹೊಂಡುರಾಸ್ ಎಂಬುದು ಬೀಜಮೂಲವೇ ಅಲ್ಲ; ಬೀಜಮೂಲವೆಂದರೆ ಬೀಜ ಆರಿಸಿದ ಮರಗಳು ಬೆಳೆದ ನಿರ್ದಿಷ್ಟ ಎಡೆ. ಆ ದೇಶಕ್ಕೆ ಸೇರಿದ ಗ್ವಾನಾಹಾ ದ್ವೀಪದ ಮರಗಳು ಕಡಲಗಾಳಿಗೂ ಚಂಡಮಾರುತಕ್ಕೂ ಮೈಯೊಡ್ಡಿ ಬೆಳೆದವು. ಅದೇ ದೇಶದ ಲೋಸ್ ಲಿಮೋನೆಸ್‌ನವು ಮಳೆ ಕಡಿಮೆಯಿರುವ ಒಳನಾಡಿನವು. ಇವೆರಡನ್ನೂ ಒಂದೇ ಕಾಲಮ್ಮಿಗೆ ಹಾಕಿ ಸರಾಸರಿ ತೆಗೆದಾಗ, ನೀವು ಹುಡುಕಲು ಹೊರಟ ವ್ಯತ್ಯಾಸವೇ ಅಳಿಸಿಹೋಗಿದೆ. ಪ್ರಭೇದ, ಉಪಪ್ರಭೇದ, ಬೀಜಮೂಲ ಮೂರಕ್ಕೂ ‘ತಳಿ’ ಎಂಬ ಒಂದೇ ಪದ ಬಳಸಿರುವುದೂ ಈ ಗೊಂದಲದ ಫಲ. ರಾಗಿಯ ತಳಿಯನ್ನು ಬಲ್ಲ ನಮ್ಮ ಓದುಗರು ಅದನ್ನು ಬೇರೆಯೇ ಅರ್ಥದಲ್ಲಿ ಓದುತ್ತಾರೆ.

ಸ್ಥಳದ ಹೆಸರಿಗೆ ನಾನೇಕೆ ಇಷ್ಟು ಜೋತುಬಿದ್ದಿದ್ದೇನೆ ಎನ್ನಬಹುದು. 1970ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಅರಣ್ಯ ಸಂಸ್ಥೆ ಹಲವು ದೇಶಗಳಿಗೆ ಪ್ರಯೋಗಕ್ಕೆಂದು ಕಳುಹಿಸಿದ, ಮಧ್ಯ ಅಮೆರಿಕದ ಊಕಾರ್ಪಾ ಎಂಬ ಪೈನಿನ ಬೀಜಗಳಲ್ಲಿ ನಿಕರಾಗುವಾದ ಯುಕುಲ್, ಬೆಲೀಜ್‌ನ ಮೌಂಟನ್ ಪೈನ್ ರಿಡ್ಜ್ ಮುಂತಾದ ಕೆಲವು ಎಡೆಗಳವು ಉಳಿದವನ್ನು ಹಿಂದೆ ಹಾಕಿದವು. ಆಮೇಲೆ ತಿಳಿದುಬಂದದ್ದೇನೆಂದರೆ, ಆ ಮರಗಳು ಊಕಾರ್ಪಾ ಅಲ್ಲ, ಇಂದು ಟೆಕುನುಮಾನಿ ಎಂದು ಕರೆಯುವ ಬೇರೊಂದು ಪೈನ್. ಪ್ರಭೇದದ ಹೆಸರೇ ಬದಲಾದರೂ ಹಳೆಯ ಅಳತೆಗಳು ವ್ಯರ್ಥವಾಗಲಿಲ್ಲ, ಏಕೆಂದರೆ ಚೀಟಿಯ ಮೇಲೆ ಬೀಜ ಆರಿಸಿದ ಊರಿನ ಹೆಸರಿತ್ತು. ಅದೇ ಮರಕ್ಕೆ ಗಾಳಿಗೆ ಕಾಂಡ ಮುರಿಯುವ ದೋಷವೂ ಉಂಟು. ಎಳೆಯ ಗಿಡದ ಎತ್ತರವನ್ನು ಅಳೆದವರಿಗೆ ಅದು ಕಾಣುವುದಿಲ್ಲ.

ಎತ್ತರದ ಮಾತಿಗೆ ಬಂದರೆ, ಕೆರಿಬಿಯನ್ ಪೈನಿಗೆ ‘ನರಿಬಾಲ’ ಎಂಬ ಚಾಳಿಯಿದೆ: ಕೊಂಬೆಯನ್ನೇ ಒಡೆಯದೆ ಕಾಂಡವೊಂದೇ ಮೇಲೇರುತ್ತದೆ. ಇದು ಹೊಂಡುರಾಸ್‌ನ ಮರಗಳು ಸೇರುವ ಹೊಂಡುರೆನ್ಸಿಸ್ ಉಪಪ್ರಭೇದದಲ್ಲಿ ಹೆಚ್ಚು, ಕ್ಯೂಬಾದ್ದರಲ್ಲಿ ಕಡಿಮೆ. ನಿಮ್ಮ ಗೆದ್ದ ಗಿಡಗಳಲ್ಲಿ ನರಿಬಾಲದವು ಎಷ್ಟೆಂದು ಎಣಿಸಿದ್ದೀರಾ? ಕಾಂಡದ ನೇರ, ಮರದ ಸಾಂದ್ರತೆ, ಬದುಕುಳಿದ ಗಿಡಗಳ ಪ್ರಮಾಣ ಯಾವುದೂ ಲೇಖನದಲ್ಲಿಲ್ಲ. ಸತ್ತ ಸಸಿಗಳ ಹೊಣೆಯನ್ನು ನೇರ ಬೀಜದ ಮೇಲೆ ಹೊರಿಸಿರುವುದೂ ಸರಿಯಲ್ಲ. ಪೋರ್ಟೊ ರಿಕೊದಲ್ಲಿ 1950ರ ದಶಕದವರೆಗೆ ಪೈನ್ ಹಿಡಿಯದಿದ್ದುದಕ್ಕೆ ಕಾರಣ, ಬೇರಿಗೆ ಜೊತೆಯಾಗಬೇಕಾದ ಶಿಲೀಂಧ್ರ ಆ ಮಣ್ಣಿನಲ್ಲಿ ಇಲ್ಲದಿದ್ದುದು.

ಖಾಸಿ ಪೈನ್ ಕುರಿತ ನಿಮ್ಮ ಪುಟ ಮಾತ್ರ ನನಗೆ ಹಿಡಿಸಿತು. ಮೇಘಾಲಯ, ಮ್ಯಾನ್ಮಾರಿನ ಜೋಖುವಾ, ಫಿಲಿಪೀನ್ಸಿನ ಬೆಂಗೆಟ್ ಇವುಗಳ ಬೀಜಗಳನ್ನು ಅಲ್ಲಿ ಬೇರೆಬೇರೆಯಾಗಿಯೇ ನೋಡಿದ್ದೀರಿ. ಕೆರಿಬಿಯನ್ ಪೈನಿನ ಭಾಗವನ್ನೂ ಅದೇ ರೀತಿ, ಪ್ರತಿ ಬೀಜದ ಊರು, ಎತ್ತರ, ಮಳೆಯ ವಿವರಗಳೊಡನೆ, ಕನಿಷ್ಠ ಎರಡು ಭಿನ್ನ ತಾಣಗಳ ಅಳತೆ ಸೇರಿಸಿ ತಿದ್ದಿ ಬರೆದು ಕಳುಹಿಸಿ.

ಸಂಪಾದಕ