ರೇಸ್ ಓಡಿಸದವರೂ ಪಿಟ್ ಲೇನ್ ವರದಿಗಾರರಾಗಬಹುದು

ರೇಸ್ ಕಾರು ಓಡಿಸಿ ಅಭ್ಯಾಸವೇ ಇಲ್ಲದವರು ಟಿವಿಯ ಪಿಟ್ ಲೇನ್ (ರೇಸಿನ ನಡುವೆ ಕಾರುಗಳು ಟೈರು ಬದಲಿಸಲು ಬರುವ, ಗ್ಯಾರೇಜುಗಳ ಮುಂದಿನ ದಾರಿ) ವರದಿಗಾರರಾಗಬಹುದಾ ಅಂತ ಕೇಳಿದ್ದೀರಿ. ಖಂಡಿತ ಆಗಬಹುದು. ಟೆಡ್ ಕ್ರಾವಿಟ್ಜ್ ಅವರನ್ನೇ ನೋಡಿ. ಬ್ರಿಟನ್ನಿನ ಐಟಿವಿ ಚಾನೆಲ್ಲಿನಲ್ಲಿ ತೆರೆಯ ಹಿಂದೆ ಕೆಲಸ ಮಾಡುತ್ತಿದ್ದವರು, 2002ರಲ್ಲಿ ಮೈಕ್ ಹಿಡಿದು ಪಿಟ್ ಲೇನಿಗೆ ಇಳಿದರು.

ಇಲ್ಲಿ ಮಾತಿಗಿಂತ ಕಣ್ಣು ಜಾಸ್ತಿ ಚುರುಕಾಗಿರಬೇಕು. ಮೆಕ್ಯಾನಿಕ್‌ಗಳು ಟೈರನ್ನು ಬಿಸಿಯಾಗಿಡುವ ಹೊದಿಕೆ ತೆಗೆದು ಗ್ಯಾರೇಜಿನಿಂದ ಹೊರಗೆ ಬಂದರೆ, ಕಾರು ಒಳಗೆ ಬರುತ್ತಿದೆ ಅಂತ ಅರ್ಥ. ಕೆಲವೊಮ್ಮೆ ಎದುರಾಳಿಗಳನ್ನು ದಾರಿ ತಪ್ಪಿಸಲು ಮೆಕ್ಯಾನಿಕ್‌ಗಳು ಸುಮ್ನೆ ಹೊರಗೆ ಬರುವುದೂ ಉಂಟು. ಫಾರ್ಮುಲಾ 1ರಲ್ಲಿ ಟೈರು ಬದಲಿಸೋದು 2-3 ಸೆಕೆಂಡಿನ ಕೆಲಸ. ಟೈರು ಎಷ್ಟು ಮೆತ್ತಗಿದೆ ಅಂತ ತೋರಿಸುವ ಬಣ್ಣದ ಪಟ್ಟಿ ಕೆಂಪೋ (ಮೆತ್ತನೆಯದು), ಹಳದಿಯೋ (ಮಧ್ಯಮ), ಬಿಳಿಯೋ (ಗಟ್ಟಿ) ಅಂತ ಅಷ್ಟರಲ್ಲೇ ನೋಡಿ ಹೇಳಬೇಕು. ಆಗಲೂ ಕಿವಿಯಲ್ಲಿ ನಿರ್ಮಾಪಕರ ಮಾತು ನಡೆದೇ ಇರುತ್ತದೆ, ಅಲ್ವಾ?

ಮೊದಲು ಸಣ್ಣ ಕಾರ್ಟಿಂಗ್ ರೇಸುಗಳಿಗೆ ಹೋಗಿ, ಮೆಕ್ಯಾನಿಕ್‌ಗಳ ಹತ್ತಿರ ಮಾತಾಡಿ. ನಿಯಮಗಳನ್ನು ಪೂರ್ತಿ ಓದಿಕೊಳ್ಳಿ.